ತನ್ನ ಚಳಕ ತಾನೇ ಕಾಣದ ಗಾರುಡಿಗ

ಹೂಂ ಅಂತಿರಬೇಕು ಪುಟ್ಟಿ, ನಿನ್ನ ಹೂಂ ನಿಂತರೆ ನನ್ನ ಕತೆಯೂ ನಿಲ್ಲುತ್ತೆ. ಒಂದಾನೊಂದು ಕಾಲ, ಅದೆಷ್ಟು ಹಳೇ ಕಾಲ ಅಂತ ಕೇಳಬೇಡ, ನನಗೆ ಹೇಳಿದ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಆ ಕಾಲದಲ್ಲಿ ಸಿಂಗಾರಯ್ಯ ಅಂತ ಒಬ್ಬ ಗಾರುಡಿಗ ಇದ್ದನಂತೆ. ಹಾವು ಆಡಿಸೋನಲ್ಲ, ಎಲೆ ಆಡಿಸೋನು. ಬಾಳೆಲೆ ಅಲ್ಲ ಕಣೇ, ನಗಬೇಡ, ಗಂಜೀಫಾ ಎಲೆ. ಈಗಿನ ಇಸ್ಪೀಟು ಎಲೆ ಉದ್ದಕ್ಕಿರುತ್ತಲ್ಲ, ಅದು ಹಾಗಲ್ಲ, ದುಂಡಗೆ, ನಿನ್ನ ಅಂಗೈಯಷ್ಟು ಅಗಲ. ಗಟ್ಟಿ ಕಾಗದದ ಮೇಲೆ ದೊರೆ, ಮಂತ್ರಿ, ಆನೆ, ಕುದುರೆ ಅಂತ ಬಣ್ಣದಲ್ಲಿ ಬರೆದು ಮೇಲೆ ಅರಗು ಹಚ್ಚುತ್ತಿದ್ದರಂತೆ, ಥಳಥಳ ಹೊಳೀತಿದ್ದವಂತೆ.

ಸಿಂಗಾರಯ್ಯನಿಗೆ ಹೆಂಡತಿ ಇರಲಿಲ್ಲ, ಪಾಪ, ಹೋಗಿಬಿಟ್ಟಿದ್ದಳು. ದೇವೀರಿ ಅಂತ ಒಬ್ಬಳೇ ಮಗಳು. ಅಪ್ಪ ಮಗಳು ಊರೂರು ತಿರುಗೋದು, ಕೆರೆ ಏರಿ ಮೇಲೋ ಸಂತೆ ಮಾಳದಲ್ಲೋ ಚಾಪೆ ಹಾಸೋದು, ಆಮೇಲೆ ಅವಳು ಡೋಲು ಬಡಿಯೋಳು, ಇವನು ಎಲೆ ಆಡಿಸೋನು. ಬಣ್ಣ ಹೋದ ಎಲೆಗೆ ಬಣ್ಣ ಬಳಿದು ಅರಗು ಹಚ್ಚೋದೂ ಅವಳ ಕೆಲಸವೇ ಅಂತೆ. ಚೆನ್ನಾಗಿ ಬರೀತಿದ್ದಳಂತೆ ಹುಡುಗಿ, ಅವಳು ಬರೆದ ಆನೆಗೆ ಕಣ್ಣಲ್ಲಿ ತುಂಟತನ ಇರ್ತಿತ್ತಂತೆ.

ಆ ಎಲೆ ಆಡಿಸೋರಲ್ಲಿ ಒಂದು ಪದ್ಧತಿ ಇತ್ತಂತೆ. ಸುಗ್ಗಿ ಮುಗಿದ ಮೇಲೆ ಎಲ್ಲ ಕಡೆಯಿಂದಲೂ ಬಂದು ಒಂದು ದೊಡ್ಡ ಹುಣಸೆ ಮರದ ಕೆಳಗೆ ಸೇರೋರು. ಆ ವರ್ಷ ಯಾರು ಹೊಸ ಚಳಕ ಕಂಡುಹಿಡಿದಿದ್ದಾರೋ ಅವರು ನಡುವಿನ ಚಾಪೆ ಮೇಲೆ ಕೂತು ಅದನ್ನ ಮೂರು ಸಲ ಮಾಡಿ ತೋರಿಸಬೇಕು. ಮೊದಲ ಸಲ ಜನಕ್ಕೆ ತೋರಿಸೋ ಹಾಗೆ. ಎರಡನೇ ಸಲ ನಿಧಾನಕ್ಕೆ. ಮೂರನೇ ಸಲ ತೋಳು ಮಡಚಿ, ಕೈ ತಿರುಗಿಸಿ, ಯಾವ ಬೆರಳು ಏನು ಮಾಡುತ್ತೆ ಅಂತ ಬಿಡಿಸಿ ಹೇಳಿ. ಅಲ್ಲಿಂದಾಚೆಗೆ ಅದು ಎಲ್ಲರದೂ. ಯಾರು ಎಲ್ಲಿ ಆಡಿದರೂ, ಇದು ಇಂಥವರ ಚಳಕ ಅಂತ ಮೊದಲು ಹೆಸರು ಹೇಳಿ ಆಡಬೇಕು, ಅಷ್ಟೇ. ಆದರೆ ಮೂರು ವರ್ಷ ಮುಚ್ಚಿಟ್ಟುಕೊಂಡರೆ ಅವರ ಚಾಪೆ ಸುತ್ತಿಬಿಡೋರು, ಮತ್ತೆ ಆಟ ಆಡೋ ಹಾಗಿಲ್ಲ. ಇನ್ನು, ಒಬ್ಬರು ಕೊಡದ ಚಳಕ ಕದ್ದು ಕಲಿತೋರು ಸಾಯೋತನಕ ಎಲೆ ಮುಟ್ಟೋ ಹಾಗೇ ಇಲ್ಲ. ಹೂಂ ಅನ್ನು.

ಈ ಸಿಂಗಾರಯ್ಯ ಒಂದು ಚಳಕ ಕಂಡುಹಿಡಿದನಂತೆ ನೋಡು, ಅಂಥದ್ದು ಹಿಂದೆ ಯಾರೂ ಕಂಡಿರಲಿಲ್ಲ. ದೊರೆ ಎಲೆಯನ್ನ ಬಲಗೈ ಬೆರಳ ತುದಿಯಲ್ಲಿ ಎತ್ತಿ ಹಿಡಿಯೋನು, ಹಾರು ದೊರೆಯೇ ಅನ್ನೋನು, ಕೈ ಹೀಗೆ ಒಂದು ಸಲ ಬೀಸೋನು, ಎಲೆ ಇಲ್ಲ! ಅಂಗೈ ತೋರಿಸೋನು, ಬರಿದು. ಕೈಯ ಹಿಂಬದಿ ತೋರಿಸೋನು, ಬರಿದು. ಆಮೇಲೆ ಎದುರಿಗೆ ಕೂತಿದ್ದ ಯಾವುದೋ ಮುದುಕನ ರುಮಾಲಿನಿಂದ ದೊರೆ ಎಲೆ ಈಚೆಗೆ ಬರೋದು. ಜನ ಹೋ ಅಂತ ಕೂಗೋರು.

ಇದನ್ನ ಚಾಪೆ ಮೇಲೆ ಇಡೋದಕ್ಕೆ ಅವನಿಗೆ ಮನಸ್ಸೇ ಬರಲಿಲ್ಲವಂತೆ. ಯಾಕೆ ಅಂತೀಯ? ಹಿಂದೆ ಒಂದು ಸಲ ಒಂದು ಸಣ್ಣ ಚಳಕ ಕೊಟ್ಟಿದ್ದನಂತೆ, ತಿಂಗಳೊಳಗೆ ಯಾವನೋ ಎಳೇ ಕೈಯವನು ಅದನ್ನ ಇವನಿಗಿಂತ ಚೆನ್ನಾಗಿ ಮಾಡಿ ಚಪ್ಪಾಳೆ ಹೊಡೆಸಿಕೊಂಡನಂತೆ. ಅದು ಇವನಿಗೆ ಹೊಟ್ಟೆಯೊಳಗೇ ಕೂತುಬಿಟ್ಟಿತ್ತು. ತಲೆ ಹಣ್ಣಾಗ್ತಾ ಇದೆ, ಇನ್ನೊಂದು ಹೊಸದು ಹೊಳೆಯುತ್ತೋ ಇಲ್ಲವೋ, ಇದನ್ನೂ ಕೊಟ್ಟುಬಿಟ್ಟರೆ ಆಮೇಲೆ ನನ್ನನ್ನ ಯಾರು ಕೇಳ್ತಾರೆ ಅಂತ ಭಯ. ನನಗಂತೂ ಇಂಥವರನ್ನ ಕಂಡರೆ ಮೈ ಉರಿಯುತ್ತೆ. ನಮ್ಮ ಓರಗಿತ್ತಿ ಒಬ್ಬಳಿದ್ದಳು, ಉಪ್ಪಿನಕಾಯಿ ಹೇಗೆ ಹಾಕ್ತೀಯೇ ಅಂದರೆ ಏನಾದರೂ ಒಂದು ಬಿಟ್ಟೇ ಹೇಳೋಳು. ಆದರೂ ಭಯ ಅಂದೆನಲ್ಲ, ಭಯ ಪಡೋರನ್ನ ಬೈಯೋಕೂ ಆಗಲ್ಲ.

ಮೊದಲನೇ ವರ್ಷ ಏನು ಮಾಡಿದ, ಬೆರಳಿಗೆ ಅರಿಶಿನದ ಬಟ್ಟೆ ಸುತ್ತಿಕೊಂಡು ಹೋಗಿ ಉಗುರುಸುತ್ತು ಆಗಿದೆ ಅಂದನಂತೆ. ಬರೀ ಸುಳ್ಳು. ಎರಡನೇ ವರ್ಷ, ಚಳಕ ಇನ್ನೂ ಹದಕ್ಕೆ ಬಂದಿಲ್ಲ ಅಂದನಂತೆ. ಅಲ್ಲಿಗೆ ಬೋರಜ್ಜ ಅಂತ ಯಜಮಾನ, ಎಲ್ಲರಿಗಿಂತ ಹಿರಿಯ. ಅವನು ನೆಟ್ಟಗೆ ಹೇಳಿದನಂತೆ, ಸಿಂಗಾರಯ್ಯ, ಬರೋ ವರ್ಷ ತೋರಿಸಪ್ಪ, ಇಲ್ಲದಿದ್ದರೆ ನಿನ್ನ ಚಾಪೆ ನನ್ನ ಕೈಯಾರೆ ಸುತ್ತಬೇಕಾಗುತ್ತೆ, ಅದು ನನಗೆ ಇಷ್ಟ ಇಲ್ಲ.

ಈ ಕಡೆ ದೇವೀರಿ ಕತೆ ಕೇಳು. ಅವಳಿಗೂ ಅಪ್ಪ ಹೇಳಿಕೊಟ್ಟಿರಲಿಲ್ಲ. ಅಭ್ಯಾಸ ಮಾಡುವಾಗ ಗೋಡೆಗೆ ಮುಖ ಹಾಕಿ ಕೂರೋನು, ಅವಳನ್ನ ಆಚೆಗೆ ಕಳಿಸೋನು. ಆದರೆ ಸವೆದ ಎಲೆಯನ್ನ ಬಣ್ಣ ಬಳಿಯೋಕೆ ಅವಳ ಕೈಗೇ ಕೊಡ್ತಿದ್ದ! ಅಷ್ಟು ಹುಷಾರಾದ ಮನುಷ್ಯನಿಗೆ ಅದೊಂದು ಹೊಳೀಲೇ ಇಲ್ಲ ನೋಡು. ಮಿಕ್ಕ ಎಲೆಗೆ ವರ್ಷಕ್ಕೊಂದು ಸಲ ಬಣ್ಣ ಬಳಿದರೆ ಸಾಕು, ದೊರೆ ಎಲೆ ಮಾತ್ರ ವಾರ ವಾರ ಬರೋದು. ಅವಳು ತಿರುಗಿಸಿ ತಿರುಗಿಸಿ ನೋಡಿದಳಂತೆ. ಯಾವಾಗಲೂ ಎರಡೇ ಕಡೆ ಅಂಚು ಸವೆದಿರ್ತಿತ್ತು, ಒಂದಕ್ಕೊಂದು ಎದುರುಬದುರು. ನಡುವೆ ಎರಡು ಉಗುರಿನ ಗೀರು, ಮೇಲಿಂದ ಕೆಳಕ್ಕೆ. ಓಹೋ, ಈ ಅಂಚಿಗೆ ತೋರುಬೆರಳು, ಆ ಅಂಚಿಗೆ ಕಿರುಬೆರಳು, ನಡುವಿನ ಎರಡು ಬೆರಳು ಮಡಚಿ ಎಲೆಯನ್ನ ಹಿಂದಕ್ಕೆ ತಳ್ಳುತ್ತವೆ, ಎಲೆ ಬೆರಳುಗಳ ಹಿಂದೆ ಅಡಗುತ್ತೆ ಅಂತ ಅವಳಾಗಿ ಅವಳೇ ಲೆಕ್ಕ ಹಾಕಿದಳಂತೆ. ಕೈಯ ಹಿಂಬದಿ ತೋರಿಸುವಾಗ ಅದೇ ಬೆರಳು ಅದನ್ನ ತಿರುಗಿ ಅಂಗೈಗೆ ತರುತ್ತವೆ ಅನ್ನೋದೂ ಗೊತ್ತಾಯಿತು. ಅವಳ ಕಿರುಬೆರಳು ಗಿಡ್ಡ, ಹಿಡಿತ ಜಾರೋದು. ಅದಕ್ಕೆ ಉಂಗುರ ಬೆರಳಲ್ಲಿ ಹಿಡಿದು ಕಿರುಬೆರಳನ್ನ ಒಯ್ಯಾರವಾಗಿ ಆಚೆಗೆ ಚಾಚಿದಳಂತೆ. ಎಷ್ಟು ಸಾವಿರ ಸಲ ಎಲೆ ಬಿತ್ತೋ! ಕೊನೆಗೆ ಒಂದು ದಿನ ಬೀಳಲಿಲ್ಲ.

ಬೀಳದೇ ಇದ್ದಾಗ ಕುಣಿದಾಡಿದಳಂತೆ, ಆಮೇಲೆ ಭಯ ಹಿಡೀತಂತೆ. ಅಯ್ಯೋ, ಕೊಡದ ಚಳಕ ನನ್ನ ಕೈಗೆ ಬಂತಲ್ಲ, ಅಪ್ಪ ನೋಡಿದರೆ ಕಳ್ಳಿ ಅಂತಾನೆ, ಬೋರಜ್ಜ ನೋಡಿದರೆ ಎಲೆ ಬಿಡಿಸ್ತಾನೆ. ಅವತ್ತಿಂದ ಯಾರಿಗೂ ಹೇಳದೆ ಒಂದು ವರ್ಷ ಕಳೆದಳಂತೆ ಆ ಮಗು. ಒಂದೇ ಮನೇಲಿ ಅಪ್ಪನಿಗೊಂದು ಗುಟ್ಟು, ಮಗಳಿಗೊಂದು ಗುಟ್ಟು, ಗುಟ್ಟು ಮಾತ್ರ ಒಂದೇ. ಎದ್ದಿದ್ದೀಯಾ?

ಆಮೇಲೆ ಮೂರನೇ ವರ್ಷ ಬಂತಂತೆ. ಸಿಂಗಾರಯ್ಯ ಚಾಪೆ ಉಳಿಸಿಕೊಳ್ಳೋಣ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿ ಹುಣಸೆ ಮರದ ಕೆಳಗೆ ಕೂತನಂತೆ. ಮಧ್ಯಾಹ್ನದ ಹೊತ್ತು, ಸುತ್ತಲೂ ಜನ. ಮೊದಲನೇ ಸಲ ಮಾಡಿದ. ಹಾರು ದೊರೆಯೇ ಅಂದ, ದೊರೆ ಹಾರಿದ. ಭೇಷ್ ಭೇಷ್ ಅಂದರು. ಸರಿ, ಇನ್ನು ನಿಧಾನಕ್ಕೆ ಮಾಡಪ್ಪ ಅಂದ ಬೋರಜ್ಜ. ಮಾಡಿದ. ಎಲೆ ಟಪ್ ಅಂತ ಕೆಳಗೆ ಬಿತ್ತು.

ಎತ್ತಿಕೊಂಡ, ಮತ್ತೆ ಮಾಡಿದ, ಮತ್ತೆ ಬಿತ್ತು. ಕೈಯನ್ನ ಕಣ್ಣುಬಿಟ್ಟು ನೋಡಿಕೊಂಡು ಮಾಡಿದ, ಆಗಲೂ ಬಿತ್ತು. ಏನಾಯಿತು ಗೊತ್ತಾ? ಗಾರುಡಿಗರ ಮೊದಲನೇ ಪಾಠ ಏನು ಅಂದರೆ ಕೆಲಸ ಮಾಡೋ ಕೈಯನ್ನ ನೋಡಬಾರದು, ನೀನು ನೋಡಿದ ಕಡೆ ಜನವೂ ನೋಡ್ತಾರೆ ಅಂತ. ಅವನು ಆ ಪಾಠವನ್ನ ಎಷ್ಟು ನಿಷ್ಠೆಯಿಂದ ಪಾಲಿಸಿದ್ದ ಅಂದರೆ ಗೋಡೆ ಮುಂದೆ ಒಬ್ಬನೇ ಕೂತಾಗಲೂ ಬಲಗೈ ಕಡೆ ಕಣ್ಣು ಹಾಯಿಸಿರಲಿಲ್ಲವಂತೆ. ಚಳಕ ಬೆರಳಿಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ನನ್ನನ್ನೇ ಕೇಳು, ಐದೆಳೆ ಜಡೆ ಹೇಗೆ ಹೆಣೀತೀಯ ಅಜ್ಜಿ ಅಂತ. ನಿನ್ನ ತಲೆ ಸಿಕ್ಕಿದರೆ ಹೆಣೀತೀನಿ, ಬಾಯಲ್ಲಿ ಹೇಳು ಅಂದರೆ ತಬ್ಬಿಬ್ಬಾಗ್ತೀನಿ. ಹಾಗೇ ಆಯಿತು ಅವನಿಗೆ. ಗಾಬರಿಯಾಗಿ ಮೊದಲಿನ ಹಾಗೆ ಜೋರಾಗಿ ಮಾಡೋಕೆ ಹೋದ, ಯೋಚನೆ ಒಳಗೆ ಹೊಕ್ಕಿತ್ತಲ್ಲ, ಅದೂ ಬರಲಿಲ್ಲ. ಮೂರು ವರ್ಷ ಕಾಪಾಡಿಕೊಂಡು ಬಂದ ಚಳಕ ಅವನ ಕೈಯಿಂದಲೇ ಹೋಗಿಬಿಟ್ಟಿತು.

ಜನ ನಂಬ್ತಾರಾ? ಬೇಕು ಅಂತ ಬೀಳಿಸ್ತಿದಾನೆ, ಕೊಡೋಕೆ ಮನಸ್ಸಿಲ್ಲ ಇವನಿಗೆ ಅಂತ ಗುಸುಗುಸು ಶುರುವಾಯಿತಂತೆ. ನನ್ನಾಣೆಗೂ ನನಗೆ ಗೊತ್ತಿಲ್ಲ ಕಣಪ್ಪ ಅಂತ ಸಿಂಗಾರಯ್ಯನ ಕಣ್ಣಲ್ಲಿ ನೀರು. ಬೋರಜ್ಜ ಬಗ್ಗಿ ಚಾಪೆ ಅಂಚು ಹಿಡಿದನಂತೆ.

ದೇವೀರಿಗೆ ಹೇಗಾಗಿರಬೇಡ? ಸುಮ್ಮನಿದ್ದರೆ ಅಪ್ಪನ ಚಾಪೆ ಹೋಗುತ್ತೆ, ಎದ್ದರೆ ತನ್ನ ಎಲೆ ಹೋಗುತ್ತೆ. ಡೋಲು ಪಕ್ಕಕ್ಕಿಟ್ಟಳು, ಎದ್ದು ಬಂದಳು. ಸುತ್ತಬೇಡಿ ಅಜ್ಜ, ಅಪ್ಪ ಸುಳ್ಳು ಹೇಳ್ತಿಲ್ಲ, ಅದು ಹೇಗೆ ಅಂತ ನಾನು ತೋರಿಸ್ತೀನಿ ಅಂದಳಂತೆ. ಚಾಪೆ ಮೇಲೆ ಬಿದ್ದಿದ್ದ ದೊರೆ ಎಲೆ ಎತ್ತಿಕೊಂಡಳು. ಜನಕ್ಕೆ ತೋರಿಸೋ ಹಾಗೆ ಒಂದು ಸಲ ಮಾಡಿದಳು, ದೊರೆ ಮಾಯ. ನಿಧಾನಕ್ಕೆ ಒಂದು ಸಲ ಮಾಡಿದಳು, ಆಗಲೂ ಮಾಯ. ಆಮೇಲೆ ತೋಳು ಮಡಚಿ, ಕೈ ತಿರುಗಿಸಿ, ನೋಡಿ, ಇಲ್ಲಿ ಹಿಡೀಬೇಕು, ಈ ನಡುಬೆರಳು ಹೀಗೆ ಮಡಚಬೇಕು, ಕಿರುಬೆರಳನ್ನ ಹೀಗೆ ಚಾಚಿದರೆ ಜನ ಅದನ್ನೇ ನೋಡ್ತಾರೆ ಅಂತ ಒಂದೊಂದೇ ಬಿಡಿಸಿ ಹೇಳಿದಳಂತೆ.

ಬೋರಜ್ಜ ಚಾಪೆ ಬಿಟ್ಟು ನೆಟ್ಟಗಾದ. ಮಗಳೇ, ಇದನ್ನ ನಿನಗೆ ಯಾರು ಕೊಟ್ಟರು ಅಂತ ಕೇಳಿದನಂತೆ. ಅವಳು ಅಪ್ಪನ ಕಡೆ ತಿರುಗಿದಳು. ನೋಡು ಪುಟ್ಟಿ, ನಾನೇ ಕೊಟ್ಟೆ ಅಂತ ಸಿಂಗಾರಯ್ಯ ಒಂದು ಮಾತು ಅಂದುಬಿಟ್ಟಿದ್ದರೆ ಅಲ್ಲಿಗೇ ಎಲ್ಲ ಸರಿಹೋಗ್ತಿತ್ತು, ಅವನ ಚಾಪೆಯೂ ಉಳೀತಿತ್ತು, ಹೆಸರೂ ಉಳೀತಿತ್ತು. ಅವನ ಬಾಯಿಗೂ ಬಂತಂತೆ ಆ ಮಾತು. ಆದರೆ ಮಗಳ ಕೈಯಲ್ಲಿದ್ದ ಎಲೆ ನೋಡಿದನಂತೆ, ಅಂಚು ನೋಡಿದನಂತೆ, ವಾರ ವಾರ ತಾನೇ ಅವಳ ಮುಂದೆ ಎಸೀತಿದ್ದದ್ದು ನೆನಪಾಯಿತಂತೆ. ಇಲ್ಲ ಯಜಮಾನರೇ, ನಾನು ಕೊಡಲಿಲ್ಲ, ಹೆತ್ತ ಮಗಳಿಗೂ ಕೊಡಲಿಲ್ಲ ನಾನು, ಸವೆದ ಎಲೆ ನೋಡಿ ಅವಳೇ ಕಂಡುಕೊಂಡಿದಾಳೆ, ಕದ್ದಿಲ್ಲ, ನನ್ನ ಚಾಪೆ ಬೇಕಾದರೆ ಸುತ್ತಿ, ಅವಳ ಎಲೆ ಬಿಡಿಸಬೇಡಿ ಅಂತ ಕೈ ಮುಗಿದನಂತೆ.

ಬೋರಜ್ಜ ಬಗ್ಗಿ ಅವಳ ಕೈಲಿದ್ದ ಎಲೆಯ ಸವೆದ ಅಂಚು ನೋಡಿದನಂತೆ. ಆಮೇಲೆ ನಕ್ಕನಂತೆ. ತಾನಾಗಿ ಕಂಡುಕೊಂಡದ್ದು ಕಳ್ಳತನ ಹೇಗಾಗುತ್ತಯ್ಯ, ಚಳಕ ಚಾಪೆಗೆ ಬಂತು, ಯಾರ ಕೈಯಿಂದ ಬಂದರೇನು, ಈ ಚಾಪೆಯನ್ನ ಯಾರೂ ಸುತ್ತೋದಿಲ್ಲ ಅಂದನಂತೆ. ಅಬ್ಬಾ! ದೇವೀರಿ ಅಲ್ಲೇ ಕೂತು ಗೊಳೋ ಅಂತ ಅತ್ತಳಂತೆ, ದುಃಖಕ್ಕಲ್ಲ, ಒಂದು ವರ್ಷದ ಭಾರ ಇಳೀತಲ್ಲ ಅದಕ್ಕೆ.

ಸಿಂಗಾರಯ್ಯ ಮಗಳ ಪಕ್ಕ ಬಂದು ಕೂತನಂತೆ. ಅವಳ ಕಣ್ಣು ಒರೆಸಿದ. ಆಮೇಲೆ ಮೆಲ್ಲಗೆ, ಇನ್ನೊಂದು ಸಲ ಮಾಡವ್ವ, ನನ್ನ ಚಳಕ ನಾನು ನೋಡೇ ಇಲ್ಲ ಅಂದನಂತೆ. ಅವಳು ಮಾಡಿದಳು. ದೊರೆ ಹಾರಿಹೋದ. ಅವಳು ಈಗಷ್ಟೇ ಎಲ್ಲಾ ಬಿಡಿಸಿ ಹೇಳಿದ್ದನ್ನ ಕೇಳಿದ್ದ ಆ ಅಪ್ಪ ಬಾಯಿ ಬಿಟ್ಟುಕೊಂಡು, ಅರೆ, ಎಲ್ಲಿ ಹೋಯಿತೇ ಅಂತ ಅವಳ ಕೈ ತಿರುಗಿಸಿ ತಿರುಗಿಸಿ ಹುಡುಕಿದನಂತೆ! ಜನ ಬಿದ್ದು ಬಿದ್ದು ನಕ್ಕರಂತೆ. ಅವನೂ ನಕ್ಕನಂತೆ. ಅಯ್ಯೋ, ಇಷ್ಟು ಚೆಂದವಾ ಇದು, ನೋಡುವ ಸುಖ ನನಗೊಬ್ಬನಿಗೇ ಇರಲಿಲ್ಲವಲ್ಲ ಅಂದನಂತೆ.

ಆ ಸಂಜೆ ಹುಣಸೆ ಮರದ ಕೆಳಗೆ ಎಲ್ಲರೂ ಅದನ್ನೇ ಕಲಿಯೋಕೆ ಕೂತರಂತೆ. ಎಲ್ಲ ಕಡೆ ಟಪ್ ಟಪ್ ಅಂತ ಎಲೆ ಬೀಳೋ ಸದ್ದು. ಸಿಂಗಾರಯ್ಯ ಅವರ ನಡುವೆ ಓಡಾಡಿಕೊಂಡು, ಹೆಬ್ಬೆರಳು ಸಡಿಲ ಬಿಡೋ, ಗಾಬರಿ ಬೀಳಬೇಡವೇ ತಾಯಿ, ನನ್ನದೂ ಬಿತ್ತು ಅಂತ ಹೇಳಿಕೊಡ್ತಿದ್ದನಂತೆ. ಆಮೇಲೆ ಮಗಳ ಎದುರಿಗೆ ಕೂತು ತಾನೂ ಮೊದಲಿಂದ ಕಲಿತನಂತೆ, ಈ ಸಲ ಕಣ್ಣು ಬಿಟ್ಟುಕೊಂಡು.

ಅಲ್ಲಿಗೆ ಅವರ ಎಲೆ ಅವರ ಪೆಟ್ಟಿಗೆ ಸೇರಿತು, ನನ್ನ ಕತೆ ನಿನ್ನ ಕಿವಿ ಸೇರಿತು, ಇನ್ನು ಹೇಳೋಕೆ ಏನೂ ಉಳಿದಿಲ್ಲ ಪುಟ್ಟಿ. ಹೂಂ ಅನ್ನೋದು ನಿಲ್ಲಿಸಿ ಎಷ್ಟು ಹೊತ್ತಾಯಿತು ನೀನು? ಮಲಗು ನನ್ನವ್ವ, ಮಲಗು.