ಅಕ್ಕನ ದೀಪ, ಕಾರಿನ ತಗಡು

ಬಂಗಲೆಯ ಸಾಹುಕಾರ ಕಾರಿನ ತಗಡನ್ನು ಕಿತ್ತುಕೊಂಡ. ಕೇಳಲಿಲ್ಲ. ಹೇಳಲಿಲ್ಲ. ಗಾಜಿನ ಬೀರುವಿನಲ್ಲಿಟ್ಟು ಚಂದ ನೋಡಲು ಕಿತ್ತುಕೊಂಡ. ಅದು ಕಳ್ಳತನ.

ಕಾರು ಹಲೀಮಳದು. ಹಳೇ ಕಾರು. ಹಿಂದಿನ ಎರಡು ಗಾಲಿಗಳ ನಡುವೆ ಅದಕ್ಕೊಂದು ಕಬ್ಬಿಣದ ಗುಂಡು ಹೊಟ್ಟೆ. ದೊಡ್ಡವರು ಅದನ್ನು ಡಿಫರೆನ್ಷಿಯಲ್ ಎನ್ನುತ್ತಾರೆ. ನಾವು ಹೊಟ್ಟೆ ಎನ್ನೋಣ. ಹೊಟ್ಟೆಯೊಳಗೆ ಹಲ್ಲಿನ ಗೇರು. ಅದು ಯಾವ ಗೇರು ಎಂದು ಹೊಟ್ಟೆಗೆ ಬಿಗಿದಿದ್ದ ಆ ತಗಡಿನ ಮೇಲೆ ಬರೆದಿತ್ತು.

ಈಗ ಗೇರಿನ ಹಲ್ಲು ಸವೆದಿದೆ. ಕಾರು ಗುಡ್ಡ ಹತ್ತದು. ಗುಡ್ಡದ ಮೇಲೆ ಅಕ್ಕ ಜುಲೇಖಾ ಇದ್ದಾಳೆ. ಅಕ್ಕನ ಕಾಲು ಇಳಿಯದು. ಹಲೀಮಳ ಕಾಲು ಹತ್ತದು. ಸಂಜೆಯಾದರೆ ಅಕ್ಕ ದೀಪ ಹಚ್ಚುತ್ತಾಳೆ. ಕೆಳಗಿನಿಂದ ದೀಪ ಕಾಣುತ್ತದೆ. ಅಕ್ಕ ಕಾಣುವುದಿಲ್ಲ.

ಹಲೀಮ ಅಂಗಡಿಯ ಪಾರಿಸಪ್ಪನ ಬಳಿ ಹೋದಳು.

"ಪಾರಿಸಣ್ಣಾ, ಗೇರು ಕೊಡು. ಗೇರು ಬಾರದೆ ಕಾರು ಹತ್ತದು. ಕಾರು ಹತ್ತದೆ ಅಕ್ಕ ಸಿಗಳು."

"ತಗಡು ಎಲ್ಲಮ್ಮ?"

"ಸಾಹುಕಾರ ಕಿತ್ತುಕೊಂಡ. ಕೇಳಲು ಹೋದೆ. ನಾಯಿ ಬಿಟ್ಟ."

"ತಗಡಿಲ್ಲದೆ ಕೊಡಲಾರೆ. ಇಲ್ಲವೇ ಎಣಿಸಿ ಬಾ. ಹಿಂದಿನ ಗಾಲಿ ಎರಡೂ ಎತ್ತು. ಒಂದನ್ನು ಹಿಡಿದುಕೋ. ಇನ್ನೊಂದನ್ನು ಎರಡು ಸುತ್ತು ತಿರುಗಿಸು. ಇಂಜಿನ್ನಿನಿಂದ ಹೊಟ್ಟೆಗೆ ಬರುವ ನಡುವಿನ ಕೋಲು ಎಷ್ಟು ಸುತ್ತು ಬಂತು, ಹೇಳು."

ಹಲೀಮ ಲಾರಿಯ ದುರುಗಪ್ಪನ ಬಳಿ ಹೋದಳು.

"ದುರುಗಣ್ಣಾ, ಜಾಕಿ ಕೊಡು. ಜಾಕಿ ಇಲ್ಲದೆ ಗಾಲಿ ಏಳದು. ಗಾಲಿ ಏಳದೆ ಎಣಿಕೆ ಸಿಗದು. ಎಣಿಕೆ ಸಿಗದೆ ಗೇರು ಬಾರದು. ಗೇರು ಬಾರದೆ ಕಾರು ಹತ್ತದು. ಕಾರು ಹತ್ತದೆ ಅಕ್ಕ ಸಿಗಳು."

"ಜಾಕಿ ತುಕ್ಕು ಹಿಡಿದು ಕೂತಿದೆ, ನಮ್ಮ ಮಾವನ ಹಾಗೆ. ಎಣ್ಣೆ ತಾ, ಕೊಡುತ್ತೇನೆ."

ಹಲೀಮ ಗಾಣದ ನೀಲವ್ವನ ಬಳಿ ಹೋದಳು.

"ನೀಲವ್ವಾ, ಎಣ್ಣೆ ಕೊಡು. ಎಣ್ಣೆ ಇಲ್ಲದೆ ಜಾಕಿ ತಿರುಗದು. ಜಾಕಿ ತಿರುಗದೆ ಗಾಲಿ ಏಳದು. ಗಾಲಿ ಏಳದೆ ಎಣಿಕೆ ಸಿಗದು. ಎಣಿಕೆ ಸಿಗದೆ ಗೇರು ಬಾರದು. ಗೇರು ಬಾರದೆ ಕಾರು ಹತ್ತದು. ಕಾರು ಹತ್ತದೆ ಅಕ್ಕ ಸಿಗಳು."

"ಎತ್ತು ಮುನಿಸಿಕೊಂಡು ನಿಂತಿದೆ. ಎಣ್ಣೆ ಎಲ್ಲಿಂದ ತರಲಿ? ಅದನ್ನೇ ಕೇಳು."

ಹಲೀಮ ಎತ್ತಿನ ಬಳಿ ಹೋದಳು.

"ಎತ್ತೇ, ಎತ್ತೇ, ನಡಿ. ನೀನು ನಡೆಯದೆ ಎಣ್ಣೆ ಬಾರದು. ಎಣ್ಣೆ ಇಲ್ಲದೆ ಜಾಕಿ ತಿರುಗದು. ಜಾಕಿ ತಿರುಗದೆ ಗಾಲಿ ಏಳದು. ಗಾಲಿ ಏಳದೆ ಎಣಿಕೆ ಸಿಗದು. ಎಣಿಕೆ ಸಿಗದೆ ಗೇರು ಬಾರದು. ಗೇರು ಬಾರದೆ ಕಾರು ಹತ್ತದು. ಕಾರು ಹತ್ತದೆ ಅಕ್ಕ ಸಿಗಳು."

"ಹಾಡಿಲ್ಲದೆ ನಡೆಯಲಾರೆ," ಎಂದಿತು ಎತ್ತು. "ಮೊದಲು ನೀವು ಅಕ್ಕ ತಂಗಿ ಇಲ್ಲಿ ಕೂತು ಹಾಡುತ್ತಿದ್ದಿರಿ. ಈಗ ಯಾರೂ ಹಾಡುವುದಿಲ್ಲ."

ಹಲೀಮ ಎತ್ತಿನ ಪಕ್ಕ ಕೂತಳು. ಹೊತ್ತು ಮುಳುಗಿತು. ಗುಡ್ಡದ ಮೇಲೆ ದೀಪ ಹತ್ತಿತು. ಹಲೀಮ ಅದನ್ನೇ ನೋಡುತ್ತ ಹಾಡಿದಳು.

"ಗುಡ್ಡದ ಗಾಳಿ, ಮೆಲ್ಲಗೆ ಬೀಸು.
ಅಕ್ಕನ ದೀಪ ಆರಿಸಬೇಡ."

ಹಾಡು ಬಂತು, ಎತ್ತು ನಡೆಯಿತು. ಎತ್ತು ನಡೆಯಿತು, ಎಣ್ಣೆ ಬಂತು. ಎಣ್ಣೆ ಬಂತು, ಜಾಕಿ ತಿರುಗಿತು. ಜಾಕಿ ತಿರುಗಿತು, ಗಾಲಿ ಎದ್ದಿತು.

ಹಲೀಮ ಎಡಗಾಲಿ ತಿರುಗಿಸಿದಳು. ಎಡಗಾಲಿ ಮುಂದೆ ಹೋಯಿತು. ಬಲಗಾಲಿ ಹಿಂದೆ ಹೋಯಿತು. ಕೋಲು ಅಲುಗಲೇ ಇಲ್ಲ.

"ಒಂದು ಮುಂದೆ, ಒಂದು ಹಿಂದೆ. ನಮ್ಮ ಮನೆಯ ಹಾಗೇ ಇದೆ," ಎಂದ ದುರುಗಪ್ಪ.

"ಒಂದನ್ನು ಹಿಡಿಯಬೇಕಿತ್ತು, ಮರೆತೆ," ಎಂದಳು ಹಲೀಮ.

ನೀಲವ್ವ ಬಲಗಾಲಿಯನ್ನು ತಬ್ಬಿ ಕೂತಳು. ಎಡಗಾಲಿ ಎರಡು ಸುತ್ತು ಬಂತು. ಕೋಲು ನಾಲ್ಕು ಸುತ್ತು ಬಂತು, ಮೇಲೆ ಒಂದು ಚೂರು. ಹಲೀಮ ಅಂಗಡಿಗೆ ಹೋಗಿ ಕಂಡದ್ದನ್ನೆಲ್ಲ ಹೇಳಿದಳು.

"ನಾಲ್ಕು, ಒಂದು ಚೂರು. ಗಾಲಿ ಒಂದು ಮುಂದೆ, ಒಂದು ಹಿಂದೆ. ಗೊತ್ತಾಯಿತು ಬಿಡು," ಎಂದ ಪಾರಿಸಪ್ಪ.

ಎಣಿಕೆ ಸಿಕ್ಕಿತು, ಗೇರು ಬಂತು. ಗೇರು ಬಂತು, ಕಾರು ಹತ್ತಿತು. ಕಾರು ಹತ್ತಿತು, ದೀಪ ಹತ್ತಿರವಾಯಿತು. ದೀಪದ ಹಿಂದೆ ಅಕ್ಕ ನಿಂತಿದ್ದಳು.

"ಏನೇ, ಇಷ್ಟು ತಡ?"

"ದೀಪ ದೂರ ಇತ್ತಕ್ಕ."

ಸಾಹುಕಾರನ ಬೀರುವಿನಲ್ಲಿ ಆ ತಗಡು ಇನ್ನೂ ಇದೆ. ಬೇರೆ ತಗಡುಗಳೂ ಇವೆ. ಒಂದೊಂದು ತಗಡಿಗೆ ಒಂದೊಂದು ಕಾರು ನಿಂತಿದೆ. ಒಂದೊಂದು ಕಾರಿಗೆ ಎಲ್ಲೋ ಒಂದು ದೀಪ ಕಾಯುತ್ತಿದೆ.

ಏಳಿ ಮಕ್ಕಳೇ. ಬಂಗಲೆಗೆ ನಡೆಯಿರಿ. ಬಾಗಿಲು ತಟ್ಟಿ. ತಗಡು ಕೊಡು ಎನ್ನಿ. ಕೊಡುವವರೆಗೂ ಅಲ್ಲಿಂದ ಕದಲಬೇಡಿ.