ಬಿಚ್ಚದ ವೀಳ್ಯ

"ಮೇಷ್ಟ್ರೇ, ನಮ್ಮ ಜೊತೆ ಆಡೋಕೆ ದೊಡ್ಡ ಕಾಲೇಜಿನವರು ಯಾರೂ ಒಪ್ತಾ ಇಲ್ಲ. ನಾನೇನು ಮಾಡಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ತಿಮ್ಮೇಶ. ಸಣ್ಣ ಊರಿನ ಒಂದು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ತಂಡವನ್ನು ತಯಾರು ಮಾಡುವವನು. ಮೇಷ್ಟ್ರು ವೃಷಭೇಂದ್ರಯ್ಯ, ಒಂದು ಕಾಲದಲ್ಲಿ ಅವನಿಗೆ ಆಟ ಕಲಿಸಿದವರು. ಲೀಗ್ ಪಂದ್ಯಗಳ ಪಟ್ಟಿ ಮೇಲಿನಿಂದಲೇ ಬರುತ್ತದೆ. ಅದಕ್ಕೆ ಮುಂಚಿನ ಹೊರಗಿನ ಪಂದ್ಯಗಳನ್ನು ಮಾತ್ರ ಕಾಲೇಜಿನವರೇ ಹುಡುಕಿಕೊಳ್ಳಬೇಕು. ತಿಮ್ಮೇಶನ ಕೈಯಲ್ಲಿ ಎಂಟು ಶನಿವಾರಗಳಿದ್ದವು, ಎಂಟೂ ಖಾಲಿ. ಅವನ ತಂಡದ ಐವರಿಗೆ ಅದು ಕೊನೆಯ ವರ್ಷ. ಹೆಸರಾದ ತಂಡದೆದುರು ಆಡಿ ತೋರಿಸದಿದ್ದರೆ ರಾಜ್ಯ ತಂಡಕ್ಕೆ ಆರಿಸುವವರು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

"ಒಬ್ಬರು ಪರೀಕ್ಷೆ ಅಂತಾರೆ. ಒಬ್ಬರು ಕೋರ್ಟ್ ರಿಪೇರಿ ಅಂತಾರೆ. ಇನ್ನೊಬ್ಬರು, ಬೇಕಾದ್ರೆ ನೀವೇ ಇಲ್ಲಿಗೆ ಬನ್ನಿ, ನಿಮ್ಮೂರಿಗೆ ಮಾತ್ರ ನಾವು ಬರಲ್ಲ ಅಂತಾರೆ. ಹೋದ ವರ್ಷ ಇಬ್ಬರನ್ನ ಸೋಲಿಸಿದ್ವಲ್ಲ, ಅದಕ್ಕೇ ಈ ಭಯ. ಅಂಗಲಾಚಿದ್ದು ಸಾಕು ಮೇಷ್ಟ್ರೇ. ಇನ್ನು ಯಾರ ಬಾಗಿಲಿಗೂ ಹೋಗಲ್ಲ."

"ಹೋಗಬೇಡ. ಸದ್ಯಕ್ಕೆ ಇಲ್ಲಿ ಕೂತ್ಕೊ," ಎಂದು ಮೇಷ್ಟ್ರು ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಂದು ಗರಡಿ. ಅದಕ್ಕೊಬ್ಬ ಉಸ್ತಾದ. ಅವನ ಕೈಯಲ್ಲಿ ಪಳಗಿದ ಒಬ್ಬ ಪೈಲ್ವಾನ. ಇನ್ನೂ ಯಾರೂ ಆ ಪೈಲ್ವಾನನ ಬೆನ್ನಿಗೆ ಮಣ್ಣು ಹತ್ತಿಸಿರಲಿಲ್ಲ. ಅವನಿಗೆ ವಯಸ್ಸು ಮೀರುತ್ತಿತ್ತು. ಇನ್ನೊಂದು ವರ್ಷ ಕಳೆದರೆ ಮೊಣಕಾಲು ಮಾತು ಕೇಳುವುದಿಲ್ಲವೆಂದು ಉಸ್ತಾದನಿಗೂ ಗೊತ್ತಿತ್ತು, ಪೈಲ್ವಾನನಿಗೂ ಗೊತ್ತಿತ್ತು. ಅಷ್ಟರೊಳಗೆ ಪಟ್ಟಣದ ದೊಡ್ಡ ಕುಸ್ತಿಯಲ್ಲಿ ಅವನನ್ನು ನಿಲ್ಲಿಸಬೇಕು. ಉಸ್ತಾದನ ಜೀವನದಲ್ಲಿ ಉಳಿದಿದ್ದ ಆಸೆ ಅದೊಂದೇ.

ಆದರೆ ಪಟ್ಟಣದಲ್ಲಿ ಒಂದು ಕಟ್ಟಳೆ. ಆ ವರ್ಷ ಹೆಸರಾದ ಯಾವುದಾದರೂ ಗರಡಿಯವನನ್ನು ಎದುರಿಸಿದವನಿಗೇ ಅಲ್ಲಿ ಎದುರಾಳಿಯನ್ನು ಗೊತ್ತುಮಾಡಿ ಜೋಡಿ ಕಟ್ಟುತ್ತಿದ್ದರು. ಉಳಿದವರು ಎಷ್ಟು ಜನರನ್ನು ಕೆಡವಿದ್ದರೂ ಬೇಲಿಯಾಚೆ ನಿಂತು ನೋಡಬೇಕಾಗಿತ್ತು.

ಕುಸ್ತಿಗೆ ಕರೆಯುವವರು ವೀಳ್ಯ ಕಳಿಸುವುದು ಆ ಸೀಮೆಯ ಪದ್ಧತಿ. ಎಲೆಯ ಮೇಲೆ ಅಡಕೆ, ಅದರ ಪಕ್ಕ ತಮ್ಮ ಗರಡಿಯ ಒಂದು ಚಿಟಿಕೆ ಮಣ್ಣು, ಊರಿನ ಹೆಸರು ಬರೆದ ಒಂದು ಚೀಟಿ. ಇಷ್ಟನ್ನೂ ಬಟ್ಟೆಯಲ್ಲಿ ಗಂಟು ಕಟ್ಟಿ ಕಳಿಸುತ್ತಿದ್ದರು. ಗಂಟು ಬಿಚ್ಚಿ ಮಣ್ಣನ್ನು ಹಣೆಗೆ ಇಟ್ಟುಕೊಂಡರೆ ಒಪ್ಪಿಗೆ. ಬಿಚ್ಚದೆ ಹಿಂದಕ್ಕೆ ಕಳಿಸಿದರೆ ಇಲ್ಲವೆಂದು ಅರ್ಥ.

ಉಸ್ತಾದ ಮೂರು ದೊಡ್ಡ ಗರಡಿಗಳಿಗೆ ವೀಳ್ಯ ಕಳಿಸಿದ. ಮೂರೂ ಹಿಂದಕ್ಕೆ ಬಂದವು. ನಮ್ಮವನಿಗೆ ಭುಜನೋವು ಎಂದು ಒಬ್ಬ ಹೇಳಿ ಕಳಿಸಿದ. ಈ ತಿಂಗಳು ನಮಗೆ ಆಗಿಬರುವುದಿಲ್ಲ ಎಂದು ಇನ್ನೊಬ್ಬ. ಮೂರನೆಯವನದು ಇನ್ನೂ ಚೆಂದ. ಕುಸ್ತಿ ನಮ್ಮ ಅಖಾಡದಲ್ಲಿ, ತೀರ್ಪು ನಮ್ಮವರದು, ದಿನವನ್ನು ಮುಂದೆ ಎಂದಾದರೂ ತಿಳಿಸುತ್ತೇವೆ ಎಂದ. ಆ ದಿನ ಬರುವುದೇ ಇಲ್ಲವೆಂದು ಉಸ್ತಾದನಿಗೆ ಅರ್ಥವಾಯಿತು. ನಿನ್ನ ಪೈಲ್ವಾನನನ್ನು ಗೆದ್ದರೆ ನಮಗೆ ಬರುವ ಹೆಸರೇನೂ ಇಲ್ಲ, ಸೋತರೆ ಸೀಮೆಯೆಲ್ಲ ನಗುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ಅವರ ಲೆಕ್ಕ ಇಷ್ಟೇ ಆಗಿತ್ತು.

ಉಸ್ತಾದನಿಗೆ ಮೈಯೆಲ್ಲ ಉರಿಯಿತು. ಇನ್ನೊಮ್ಮೆ ಬೇಡಿಕೊಳ್ಳುವ ಜಾತಿಯ ಮನುಷ್ಯನಲ್ಲ ಅವನು. ಊರೂರಿಗೆ ತಮಟೆ ಬಡಿಸಿ ಸಾರಿಸಿಬಿಟ್ಟ. ಬರುವ ಮೂರು ಭಾನುವಾರ ತನ್ನ ಗರಡಿಯಲ್ಲಿ ಕುಸ್ತಿ. ಮೊದಲನೆಯ ವಾರ ಭುಜನೋವಿನವರ ಜೊತೆ, ಎರಡನೆಯ ವಾರ ತಿಂಗಳು ಆಗಿಬರದವರ ಜೊತೆ, ಮೂರನೆಯ ವಾರ ದಿನ ತಿಳಿಸದವರ ಜೊತೆ. ಅವರು ಬಂದರೂ ಸರಿ, ಬರದಿದ್ದರೂ ಸರಿ.

ಮೊದಲ ಭಾನುವಾರ ಬೆಳಿಗ್ಗೆ ಅಖಾಡದ ಮಣ್ಣನ್ನು ಅಗೆದು ಹದ ಮಾಡಿದರು. ಪೈಲ್ವಾನ ಲಂಗೋಟಿ ಬಿಗಿದು ತನ್ನ ಮೂಲೆಯಲ್ಲಿ ನಿಂತ. ಎದುರು ಮೂಲೆ ಖಾಲಿ. ಬಿಸಿಲು ಇಳಿಯುವವರೆಗೆ ಅವನು ಕೂರಲಿಲ್ಲ. ನೋಡಲು ಬಂದವರಿಗೆ ನಗುವೋ ನಗು. ಗಾಳಿಯನ್ನು ಚಿತ್ ಮಾಡುತ್ತಾನಂತೆ ನೋಡಿ ಎಂದರು. ಎರಡನೆಯ ಭಾನುವಾರವೂ ಅವನು ಹಾಗೆಯೇ ನಿಂತ. ಈ ಸಲ ಯಾರೂ ನಗಲಿಲ್ಲ. ಜನ ಪೈಲ್ವಾನನನ್ನು ಬಿಟ್ಟು ಖಾಲಿ ಮೂಲೆಯನ್ನು ನೋಡತೊಡಗಿದ್ದರು. ದೊಡ್ಡ ಗರಡಿಯವರು ಸಂತೆಗೆ ಹೋದರೆ ಭುಜ ಹೇಗಿದೆ ಎಂದು ಕಂಡಕಂಡವರೆಲ್ಲ ಕೇಳುವಂತಾಯಿತು. ಉಸ್ತಾದನಿಗೆ ಹಿಡಿಸಲಾರದಷ್ಟು ಖುಷಿ. ಕುಸ್ತಿ ಆಡದೆಯೇ ಗೆದ್ದುಬಿಟ್ಟೆ ಎಂದುಕೊಂಡ.

ಮೂರನೆಯ ಭಾನುವಾರ ಮಧ್ಯಾಹ್ನ ಒಬ್ಬ ದಾಂಡಿಗ ಜನರನ್ನು ಸರಿಸಿಕೊಂಡು ಮುಂದೆ ಬಂದ. ಕಾಲೆಲ್ಲ ದಾರಿಯ ಧೂಳು. ಹೆಗಲ ಮೇಲಿದ್ದ ಅಂಗಿಯನ್ನು ಬೇಲಿಗೆ ಹಾಕಿ ನೇರವಾಗಿ ಖಾಲಿ ಮೂಲೆಗೆ ಇಳಿದ.

"ಯಾರಪ್ಪ ನೀನು? ನಿನ್ನನ್ನ ಯಾರೂ ಕರೆದಿಲ್ಲ. ಯಾವ ಊರು ನಿಂದು?" ಎಂದು ಉಸ್ತಾದ ಗದರಿದ.

"ಈಗ ಊರು ಕೇಳ್ತೀರಾ ಉಸ್ತಾದ್? ನಮ್ಮೂರ ಮಣ್ಣು ಈ ವರ್ಷ ಮೂರು ಸಲ ನಿಮ್ಮ ಬಾಗಿಲಿಗೆ ಬಂದು ವಾಪಸು ಹೋಯ್ತು. ಒಂದು ಸಲ ಗಂಟು ಬಿಚ್ಚಿದ್ರೆ ಊರು ಯಾವ್ದು ಅಂತ ಗೊತ್ತಾಗ್ತಿತ್ತು. ಜಾಗ ಖಾಲಿ ಇದೆ ಅಂತ ಸಾರಿದ್ದು ನೀವು. ನಾನು ಬಂದಿದೀನಿ. ನಿಮ್ಮವನಿಗೇನಾದ್ರೂ ಭುಜನೋವು ಇದ್ರೆ ಹೇಳಿ, ಹೊರಟುಹೋಗ್ತೀನಿ."

ಜನರೆಲ್ಲ ಹೋ ಎಂದು ನಕ್ಕರು. ಉಸ್ತಾದನ ಮುಖ ಕೆಂಪಾಯಿತು. ಸಣ್ಣ ಹಳ್ಳಿಗಳಿಂದ ಬರುವ ವೀಳ್ಯಗಳನ್ನು ಅವನು ಮುಟ್ಟಿಯೂ ನೋಡುತ್ತಿರಲಿಲ್ಲ. ತಂದವನಿಗೆ ಒಂದು ಲೋಟ ಮಜ್ಜಿಗೆ ಕೊಡಿಸಿ, ನಮಗೆ ಪುರುಸೊತ್ತಿಲ್ಲ ಎಂದು ಹೇಳಿಸುತ್ತಿದ್ದ. ಗೆದ್ದರೆ ಹೆಸರಿಲ್ಲ, ಸೋತರೆ ಮಾನವಿಲ್ಲ ಎಂಬುದೇ ಅವನ ಯೋಚನೆಯೂ ಆಗಿತ್ತು. ಈ ದಾಂಡಿಗನನ್ನು ಹೊರಕ್ಕೆ ತಳ್ಳಿಸಬೇಕೆಂದು ಅವನು ಕೈ ಎತ್ತಿದ. ಅಷ್ಟರಲ್ಲಿ ಅವನ ಪೈಲ್ವಾನನೇ ತೊಡೆ ತಟ್ಟಿಬಿಟ್ಟ. ಎರಡು ವಾರ ಗಾಳಿಯೆದುರು ನಿಂತು ನಿಂತು ಅವನ ಮೈ ಹಸಿದಿತ್ತು. ಉಸ್ತಾದನ ಮಾತನ್ನು ಅವನು ಮೀರಿದ್ದು ಅದೇ ಮೊದಲು.

ಕುಸ್ತಿ ಬಹಳ ಹೊತ್ತು ನಡೆಯಿತು. ಕೊನೆಗೆ ಹಳ್ಳಿಯವನು ಪೈಲ್ವಾನನ ಸೊಂಟ ಹಿಡಿದೆತ್ತಿ ಮಣ್ಣಿಗೆ ಹಾಕಿದ. ತನ್ನದೇ ಅಖಾಡದಲ್ಲಿ, ತನ್ನದೇ ಜನರೆದುರು ಪೈಲ್ವಾನನ ಬೆನ್ನು ನೆಲ ಕಂಡಿತು. ಮಲಗಿದ್ದಲ್ಲೇ ಅವನು ನಕ್ಕ. ಉಸ್ತಾದನಿಗೆ ಅಳು ಬಂತು.

ಸುದ್ದಿ ಹರಡಿತು. ಮರುವಾರವೇ ಮೂರೂ ದೊಡ್ಡ ಗರಡಿಗಳಿಂದ ವೀಳ್ಯ ಬಂತು. ಭುಜ ವಾಸಿಯಾಗಿತ್ತು. ತಿಂಗಳು ಒಳ್ಳೆಯದಾಗಿತ್ತು. ದಿನವೂ ಗೊತ್ತಾಗಿತ್ತು, ಬರುವ ಭಾನುವಾರವೇ. ಮೂರರಲ್ಲಿ ಒಂದನ್ನು ಬಿಚ್ಚಿದರೆ ಸಾಕು, ಪಟ್ಟಣದಲ್ಲಿ ಜೋಡಿ ಕಟ್ಟುತ್ತಾರೆ. ಉಸ್ತಾದ ಆಸೆಯಿಂದ ಗಂಟಿಗೆ ಕೈ ಹಾಕಿದ.

"ಬಿಚ್ಚಬೇಡಿ ಉಸ್ತಾದ್," ಎಂದ ಪೈಲ್ವಾನ. "ಇವರು ಕರೀತಿರೋದು ಸೋತವನನ್ನ. ನಾನು ನಿಂತಿದ್ದಾಗ ಬಂದವನು ಒಬ್ಬನೇ."

ಉಸ್ತಾದ ಗಂಟಿನಿಂದ ಕೈ ತೆಗೆದ. ಪೈಲ್ವಾನನ ಮೊಣಕಾಲು ನೋಡಿದ. ಇನ್ನೊಂದು ವರ್ಷ ಸಿಗುವುದಿಲ್ಲ. ಅದು ಗೊತ್ತಿದ್ದೇ ಮೂರು ಗಂಟುಗಳನ್ನೂ ಹಾಗೆಯೇ ಹಿಂದಕ್ಕೆ ಕಳಿಸಿದ. ನಮ್ಮವನಿಗೆ ಭುಜನೋವು ಎಂದು ಒಬ್ಬರಿಗೆ, ಈ ತಿಂಗಳು ಆಗಿಬರುವುದಿಲ್ಲ ಎಂದು ಇನ್ನೊಬ್ಬರಿಗೆ, ದಿನ ಮುಂದೆ ತಿಳಿಸುತ್ತೇವೆ ಎಂದು ಮತ್ತೊಬ್ಬರಿಗೆ ಹೇಳಿಸಿದ. ಆಮೇಲೆ ತನ್ನ ಕೈಯಾರೆ ಒಂದು ವೀಳ್ಯ ಕಟ್ಟಿಕೊಂಡು ಆ ಹಳ್ಳಿಗೆ ನಡೆದೇ ಹೋದ. ಕುಸ್ತಿ ನಿಮ್ಮ ಅಖಾಡದಲ್ಲಿ, ತೀರ್ಪೂ ನಿಮ್ಮದೇ ಎಂದ. ಅವರು ಅವನೆದುರಿಗೇ ಗಂಟು ಬಿಚ್ಚಿ ಮಣ್ಣನ್ನು ಹಣೆಗೆ ಇಟ್ಟುಕೊಂಡರು.

ಪಟ್ಟಣದಲ್ಲಿ ಆ ವರ್ಷ ಪೈಲ್ವಾನನಿಗೆ ಜೋಡಿ ಕಟ್ಟಲಿಲ್ಲ. ಆಮೇಲೆಯೂ ಕಟ್ಟಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು.

"ಆ ದೊಡ್ಡ ಗರಡಿಯವರಿಗೆ ಚೆನ್ನಾಗಿ ಮಾಡಿದ ಬಿಡಿ!" ಎಂದು ತಿಮ್ಮೇಶ ತೊಡೆ ಚಪ್ಪರಿಸಿದ. "ನಾನೂ ಹಾಗೇ ಮಾಡ್ತೀನಿ ಮೇಷ್ಟ್ರೇ. ಎಂಟು ಶನಿವಾರವೂ ಹುಡುಗರನ್ನ ಕೋರ್ಟಿಗೆ ಇಳಿಸ್ತೀನಿ. ಯಾವ ಕಾಲೇಜು ಬರಲಿಲ್ಲ ಅಂತ ಬೋರ್ಡ್ ಬರೆದು ಹಾಕ್ತೀನಿ."

"ಹಾಕು," ಎಂದರು ಮೇಷ್ಟ್ರು. "ಅದಕ್ಕೆ ಮುಂಚೆ ಹೇಳು, ನಿನ್ನ ಜೊತೆ ಆಡ್ತೀವಿ ಅಂತ ಬರೆದ ಯಾವ ಯಾವ ಸಣ್ಣ ಕಾಲೇಜಿನ ಕಾಗದಗಳು ನಿನ್ನ ಮೇಜಿನಲ್ಲಿ ಒಡೆಯದೆ ಬಿದ್ದಿವೆ?"

ತಿಮ್ಮೇಶ ಬೆರಳು ಮಡಚಿ ಎಣಿಸತೊಡಗಿದ.