ಮೆಲುಕೂಗಿನ ಬಂಡೆ

ಸ್ವಿಟ್ಜರ್ಲೆಂಡಿನ ಪರ್ವತಗಳಲ್ಲಿ ನಾನು ಹತ್ತದೆ ಬಿಟ್ಟದ್ದು ಒಂದೂ ಇಲ್ಲ. ಸುಳ್ಳು ಬಿಡಿ, ಹತ್ತಿದ್ದು ಒಂದೇ, ಅದೂ ಅರ್ಧ. ಆ ಅರ್ಧದಲ್ಲಿ, ಹುಲ್ಲುಗಾವಲು ಮುಗಿದು ದೇವದಾರು ಮರಗಳು ಶುರುವಾಗುವಲ್ಲಿ, ಬೋರಲು ಹಾಕಿದ ಕೊಪ್ಪರಿಗೆಯಂಥ ಕರಿಬಂಡೆಯೊಂದಿದೆ. ಅದರಡಿಯಲ್ಲಿ ಇಬ್ಬರು ಮುದುರಿ ಕೂರುವಷ್ಟು ಪೊಟರೆ. ಅದಕ್ಕೆ ಊರವರಿಟ್ಟ ಜರ್ಮನ್ ಹೆಸರು ನನ್ನ ನಾಲಗೆಗೆ ಹೊರಳುವುದಿಲ್ಲ. ಕನ್ನಡದಲ್ಲಿ ಮೆಲುಕೂಗಿನ ಬಂಡೆ ಎನ್ನಬಹುದು.

ಹಿಂದೆ, ನಾನೂರು ವರ್ಷಗಳಾಚೆ, ಆ ಕಣಿವೆಯಲ್ಲಿ ಒಂದು ಕ್ರೈಸ್ತ ಪಂಗಡದವರಿದ್ದರು. ಹಸುಗೂಸಿಗೆ ದೀಕ್ಷಾಸ್ನಾನ ಮಾಡಿಸಿದರೆ ಅದಕ್ಕೇನು ತಿಳಿಯುತ್ತದೆ, ಬುದ್ಧಿ ಬಂದವರು ತಾವಾಗಿ ಕೇಳಿ ಪಡೆಯಲಿ ಎನ್ನುವವರು. ಕತ್ತಿ ಹಿಡಿಯರು, ಆಣೆ ಮಾಡರು, ಸುಳ್ಳಾಡರು. ಅಷ್ಟೇ ಸಾಕಾಯಿತು; ಆಳುವವರು ಅವರನ್ನು ಹಿಡಿಯಲೆಂದೇ ಬೇಟೆಗಾರರನ್ನು ನೇಮಿಸಿದರು. ನೇಕಾರ ಊಲ್ರಿಖ್ ಮತ್ತು ಅವನ ಹೆಂಡತಿ ವೆರೇನಾ ಮೂರು ಚಳಿಗಾಲ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಓಡಿ, ಓಡಿ ಸಾಕಾಗಿ, ಕೊನೆಗೆ ಈ ಪೊಟರೆ ಸೇರಿದರು ಎನ್ನುತ್ತಾರೆ. ಊಲ್ರಿಖ್‌ಗೆ ವಿಪರೀತ ಜ್ವರ. ವೆರೇನಾಳಿಗೆ ಜ್ವರಕ್ಕಿಂತ ಹೆಚ್ಚಿನ ಭಯ ಗಂಡನ ನಾಲಗೆಯದು: ಹೆಸರು ಹಿಡಿದು ಕೂಗಿದಾಗ ಓಗೊಡದೆ ಇರುವುದೂ ಸುಳ್ಳೇ ಎಂಬುದು ಅವನ ಹಟ. ಬೇಟೆಗಾರರಿಗೂ ಇಂಥವರ ಗುಟ್ಟು ಗೊತ್ತು. ಅದಕ್ಕೇ ಅವರು ಹುಡುಕುತ್ತಿರಲಿಲ್ಲ. ಪಟ್ಟಿ ಹಿಡಿದು ಕೂಗುತ್ತಿದ್ದರು.

ಒಂದು ಮಧ್ಯಾಹ್ನ ಕೆಳಗಿನಿಂದ ಕೂಗು ಬಂತು: "ವೆರೇನಾ!" ಗಂಡನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಮುಂದಿನ ಹೆಸರು ಅವನದೇ. ಅವಳು ತಡಮಾಡದೆ ಇಳಿದು ಹೋದಳು. ಮುದಿ ಬೇಟೆಗಾರ ಯೋಸ್ಟ್ ಕಲ್ಲೊಂದರ ಮೇಲೆ ಕೂತು ಮಂಡಿ ನೀವಿಕೊಳ್ಳುತ್ತಿದ್ದ.

"ಬಂದೆಯಾ ತಾಯಿ? ನಿಮ್ಮವರನ್ನು ಹಿಡಿಯುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ. ಕರೆದರೆ ಬಂದೇಬಿಡುತ್ತೀರಿ. ಗಂಡ ಮೇಲಿದ್ದಾನೋ?"

"ನನ್ನ ಹೆಸರು ಕೂಗಿದಿರಿ, ನಾನು ಬಂದೆ."

"ಅವನದನ್ನೂ ಕೂಗಬೇಕಲ್ಲ. ಅಪ್ಪಣೆಯಾಗಿದೆ."

"ಕೂಗಿ ಯಜಮಾನರೇ. ಎಷ್ಟು ಜೋರಾಗಿ ಅಂತ ಅಪ್ಪಣೆಯಲ್ಲಿ ಬರೆದಿದೆಯೇ?"

ಯೋಸ್ಟ್ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಬರೆದಿರಲಿಲ್ಲ. ಇಪ್ಪತ್ತು ವರ್ಷ ಕೂಗಿ ಅವನ ಗಂಟಲೂ ಸೋತಿತ್ತು. ತೊಟ್ಟಿಲ ಮಗುವನ್ನು ಎಬ್ಬಿಸಲೊಲ್ಲದವನ ಹಾಗೆ "ಊಲ್ರಿಖ್" ಎಂದ. ಮೂರು ಸಲ ಎಂದ, ನಿಯಮ ತಪ್ಪಬಾರದಲ್ಲ! ಬಂಡೆಯಿಂದ ಸದ್ದಿಲ್ಲ. ವೆರೇನಾ ಉಸಿರು ಬಿಟ್ಟು, ಹಗ್ಗಕ್ಕೆ ಎರಡೂ ಕೈ ಚಾಚಿದಳು.

ಅವಳನ್ನು ದೋಣಿ ಹತ್ತಿಸಿ ಸೀಮೆಯಾಚೆ ಸಾಗಿಸಿದರಂತೆ, ಮರಳಲಿಲ್ಲ. ಊಲ್ರಿಖ್ ಬದುಕಿಕೊಂಡ. ಕೇಳಿಸಿದ್ದರೆ ಓಗೊಡುತ್ತಿದ್ದೆ ಎಂದು ಸಾಯುವವರೆಗೂ ಹೇಳುತ್ತಿದ್ದ. ಯಾರೂ ಅವನೊಡನೆ ವಾದಿಸಲಿಲ್ಲ.

ಇಂದಿಗೂ ಅಲ್ಲಿಗೆ ಬಂದವರು ಪೊಟರೆಯ ಬಾಯಿಗೆ ಬಗ್ಗಿ, ತಮ್ಮಿಂದ ದೂರವಾದವರ ಹೆಸರನ್ನು ಮೆಲ್ಲಗೆ ಹೇಳುವುದನ್ನು ನೋಡಬಹುದು. ಹೇಳಿ, ಉತ್ತರಕ್ಕೆ ಕಾಯದೆ, ಇಳಿದು ಹೋಗುತ್ತಾರೆ. ನಾನು ಯಾರ ಹೆಸರು ಹೇಳಿದೆ ಎಂದು ಕೇಳಬೇಡಿ ಸ್ವಾಮಿ; ಈ ಚಹಾದ ದುಡ್ಡು ಕೊಟ್ಟುಬಿಡಿ, ಸಾಕು.